ಗೃಹೋಪಯೋಗಿ ವಿಷಯಗಳು: ಮೋಟಾರು ಗಾಡಿಯ ಮೆರುಗು

ಹಿತ್ತಾಳೆಯ ಪಾತ್ರೆಗೆ ಹುಣಿಸೆಹಣ್ಣು ಹಚ್ಚಿ ತಿಕ್ಕಿದಷ್ಟೂ ಅದು ಹೊಳೆಯುವುದೆಂಬುದು ಗೃಹಸ್ಥರೆಲ್ಲರ ಅನುಭವ. ಈ ಅನುಭವವನ್ನೇ ನಂಬಿ ಮೋಟಾರು ಗಾಡಿಯನ್ನೂ ಬಲವಾಗಿ ತಿಕ್ಕುವವರುಂಟು. ಆದರೆ ಹಿತ್ತಾಳೆಯು ಒಳಗೂ ಹೊರಗೂ ಹಿತ್ತಾಳೆಯೇ. ಗಾಡಿಯ ಬಣ್ಣವಾದರೋ ತಗಡಿನ ಮೇಲೆ ಬಳಿದ ತೆಳುವಾದ ಲೇಪ. ತಿಕ್ಕಿದಷ್ಟೂ ಅದು ಸವೆಯುವುದು. ಸವೆದದ್ದು ಮರಳಿ ಬಾರದು.

ಇಂದಿನ ಗಾಡಿಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಒಂದು ಪದರ ಇರುತ್ತವೆ. ಇವೆಲ್ಲ ಸೇರಿದರೂ ದಪ್ಪವು ಸಾಮಾನ್ಯವಾಗಿ 100ರಿಂದ 150 ಮೈಕ್ರಾನು ಮಾತ್ರ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮೇಲಿನ ಪದರವು ಸುಮಾರು 40–50 ಮೈಕ್ರಾನು, ಎಂದರೆ ತಲೆಯ ಕೂದಲೆಳೆಗಿಂತಲೂ ತೆಳು. ನಾವು ಮೆಚ್ಚುವ ಹೊಳಪೆಲ್ಲ ಇರುವುದು ಈ ಪದರದಲ್ಲಿಯೇ.

ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಮರಗಳ ನೆರಳು ಒಂದು ಭಾಗ್ಯ. ಆ ನೆರಳಿನೊಡನೆ ಹಕ್ಕಿಯ ಹಿಕ್ಕೆ, ಮರದಿಂದ ಜಿನುಗುವ ಅಂಟು, ರಸ್ತೆಯ ಧೂಳು ಇವೂ ಗಾಡಿಯ ಮೇಲೆ ಬೀಳುತ್ತವೆ. ಈ ಲೇಖಕನು ಹಲವು ವರ್ಷ ಪ್ರತಿದಿನ ಬೆಳಿಗ್ಗೆ ಒಣ ಬಟ್ಟೆಯಿಂದ ಧೂಳನ್ನು ಒರೆಸಿ, ತಾನು ಬಹಳ ಶಿಸ್ತಿನವನೆಂದು ತಿಳಿದಿದ್ದನು. ಒಂದು ದಿನ ಎಳೆಬಿಸಿಲಿನಲ್ಲಿ ನೋಡಲು, ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಗೀರುಗಳು! ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಒಣ ಬಟ್ಟೆಯು ಅವನ್ನು ಹಿಡಿದು ಬಣ್ಣದ ಮೇಲೆ ಎಳೆಯುತ್ತದೆ. ಗೀರು ಹಾಕಿದ್ದು ಧೂಳಲ್ಲ, ನನ್ನ ಕೈ.

ಹಾಗಾದರೆ ಧಾರಾಳವಾಗಿ ನೀರು ಬಿಟ್ಟು ತೊಳೆಯೋಣವೆಂದರೆ ಅದೂ ಸಲ್ಲದು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಪಂಪುಗಳ ಬಲದಿಂದ ಮೇಲೇರಿ ನಮ್ಮ ಮನೆಗೆ ಬರುತ್ತದೆ. 2024ನೆಯ ಇಸವಿಯ ಮಾರ್ಚಿ ತಿಂಗಳ ಬರದಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡವನ್ನು ಗೊತ್ತುಮಾಡಿತು. 2025ನೆಯ ಫೆಬ್ರವರಿಯಲ್ಲಿಯೂ ಅಂಥದೇ ಆಜ್ಞೆಯನ್ನು ಹೊರಡಿಸಿತು. ಕೊಳವೆಬಾವಿಯ ನೀರಾದರೋ ಅನೇಕ ಕಡೆ ಗಡಸು. ಅದು ಬಿಸಿಲಿನಲ್ಲಿ ಆರಿದಾಗ ಸುಣ್ಣದ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ಈ ಎರಡು ಕಷ್ಟಗಳಿಗೂ ಒಂದೇ ಮದ್ದು ಮಳೆನೀರು. ಛಾವಣಿಯಿಂದ ಇಳಿಸಿ ಸೋಸಿದ ಮಳೆನೀರು ಮೃದುವಾದುದು, ಚುಕ್ಕೆ ಬಿಡದು. ಅದನ್ನು ಹಿಡಿದಿಡುವ ಕ್ರಮವನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಜಯನಗರದ ಐದನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲಿನ ಉದ್ಯಾನವುಂಟು.

ಇನ್ನು ತೊಳೆಯುವ ಕ್ರಮ. ಗಾಡಿಯು ನೆರಳಿನಲ್ಲಿರಬೇಕು, ಬಾನೆಟ್ಟು ತಣ್ಣಗಾಗಿರಬೇಕು. ಎರಡು ಬಕೆಟ್ಟು ನೀರು ಸಾಕು. ಒಂದರಲ್ಲಿ ಗಾಡಿಗಾಗಿಯೇ ಮಾಡಿದ ಶ್ಯಾಂಪುವನ್ನು ಸೀಸೆಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸತಕ್ಕದ್ದು. ಇನ್ನೊಂದರ ನೀರು ಬಟ್ಟೆ ಜಾಲಿಸುವುದಕ್ಕೆ. ಪಾತ್ರೆ ತೊಳೆಯುವ ಸಾಬೂನು ಕೂಡದು. ಅದು ಹಿಂದೆ ಹಚ್ಚಿದ ಮೇಣವನ್ನು ತೆಗೆದುಬಿಡುವುದು. ಮೊದಲು ಒಂದೆರಡು ಚೊಂಬು ನೀರನ್ನು ಮೇಲಿನಿಂದ ಹನಿಸಿ ಧೂಳನ್ನು ಇಳಿಸಬೇಕು. ಬಳಿಕ ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ಮಾಡಿನಿಂದ ಆರಂಭಿಸಿ ಕೆಳಕ್ಕೆ, ನೇರವಾಗಿ, ಒತ್ತದೆ ಒರೆಸಬೇಕು. ಒಂದೊಂದು ಭಾಗ ಮುಗಿದಂತೆ ಬಟ್ಟೆಯನ್ನು ಎರಡನೆಯ ಬಕೆಟ್ಟಿನಲ್ಲಿ ಜಾಲಿಸಿಯೇ ಶ್ಯಾಂಪುವಿಗೆ ಅದ್ದಬೇಕು. ಚಕ್ರಗಳಿಗೆ ಬೇರೆ ಬಟ್ಟೆ, ಅದೂ ಕೊನೆಯಲ್ಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಮುಟ್ಟಬಾರದು. ತೊಳೆದ ಮೇಲೆ ನೀರು ತಾನಾಗಿ ಆರುವುದಕ್ಕೆ ಬಿಡದೆ, ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹೀರಿಸಬೇಕು. ಹಕ್ಕಿಯ ಹಿಕ್ಕೆ ಒಣಗಿದ್ದರೆ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲಿಟ್ಟು, ನೆನೆದ ಮೇಲೆ ಮೆಲ್ಲಗೆ ಎತ್ತಿರಿ. ತಡಮಾಡಿದರೆ ಅದು ಬಣ್ಣವನ್ನೇ ತಿನ್ನುವುದು.

ಪಾಲಿಷು ಬೇರೆ, ಮೇಣ ಬೇರೆ. ಇದನ್ನು ಚೆನ್ನಾಗಿ ತಿಳಿದಿರಬೇಕು. ಪಾಲಿಷಿನಲ್ಲಿ ಅತಿ ಸಣ್ಣ ಉಜ್ಜುವ ಪುಡಿಯಿರುತ್ತದೆ. ಅದು ಮೇಲ್ಪದರವನ್ನು ಒಂದಿಷ್ಟು ಸವೆಸಿ ಗೀರನ್ನು ಮರೆಮಾಡುತ್ತದೆ. ಆದಕಾರಣ ವರ್ಷಕ್ಕೆ ಒಂದು ಸಲಕ್ಕಿಂತ ಹೆಚ್ಚಾಗಿ ಬೇಡ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಅದು ಕೂಡದೇ ಕೂಡದು. ಗೀರಿನ ಮೇಲೆ ಉಗುರನ್ನು ಆಡಿಸಿದಾಗ ಅದು ಸಿಕ್ಕಿಕೊಂಡರೆ ಗೀರು ಆಳವಾದುದು, ಮನೆಯ ಪಾಲಿಷಿಗೆ ಹೋಗದು. ಮೇಣವಾದರೋ ಏನನ್ನೂ ಸವೆಸದೆ ರಕ್ಷಣೆ ಕೊಡುತ್ತದೆ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣವು ಇದಕ್ಕೆ ಪ್ರಸಿದ್ಧವಾದುದು. ಎರಡು ಮೂರು ತಿಂಗಳಿಗೊಮ್ಮೆ ತೆಳ್ಳಗೆ ಹಚ್ಚಿ ಒರೆಸಿದರೆ ಸಾಕು. ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳುತ್ತಿದ್ದರೆ ಮೇಣವಿದೆ; ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿತು.

ಕಡೆಯದಾಗಿ ಒಂದು ಮಾತು. ನಮ್ಮ ಅನೇಕ ಬೀದಿಗಳಲ್ಲಿ ತಿಂಗಳ ಸಂಬಳಕ್ಕೆ ಗಾಡಿ ಒರೆಸುವವರು ಹೊತ್ತು ಹುಟ್ಟುವ ಮೊದಲೇ ಬರುತ್ತಾರೆ. ಒಂದೇ ಬಕೆಟ್ಟು ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಹತ್ತಾರು ಗಾಡಿಗಳನ್ನು ಮುಗಿಸಬೇಕಾಗುತ್ತದೆ. ಗೀರು ಕಂಡಾಗ ಅವರನ್ನು ಗದರಿಸುವವರುಂಟು. ನಿಮ್ಮ ಗಾಡಿಗೆಂದೇ ಎರಡು ಶುಭ್ರವಾದ ಬಟ್ಟೆಗಳನ್ನೂ ಬೇರೆ ನೀರನ್ನೂ ಕೊಟ್ಟು, ಮೇಲೆ ಹೇಳಿದ ಕ್ರಮವನ್ನು ಒಂದು ಸಲ ಜೊತೆಯಲ್ಲಿ ನಿಂತು ತೋರಿಸಿರಿ. ದಿನದಿನದ ಒಣ ಒರೆತವು ಬೇಡವೆಂದೂ ವಾರಕ್ಕೊಮ್ಮೆ ಸರಿಯಾಗಿ ಮಾಡಿದರೆ ಸಾಕೆಂದೂ ಹೇಳಿರಿ. ಅದಕ್ಕಾಗಿ ಸಂಬಳವನ್ನು ಮಾತ್ರ ಕಡಿಮೆ ಮಾಡಬೇಡಿರಿ. ಅವರ ಬೆನ್ನಿಗೂ ಬಿಡುವು, ನೀರಿಗೂ ಉಳಿತಾಯ, ನಿಮ್ಮ ಗಾಡಿಗೂ ಆಯುಷ್ಯ.