ಗುಂಗುರು ಕೂದಲ ಹುಡುಗಿ ರಾಯಭಾರಿಯಾದಳು

ಆರು ವರ್ಷದ ಮಗಳನ್ನು ತಾಯಿಯೊಬ್ಬಳು ಸಾಂತಾಕ್ಲಾಸ್ ತಾತನನ್ನು ತೋರಿಸಲೆಂದು ದೊಡ್ಡ ಅಂಗಡಿಯೊಂದಕ್ಕೆ ಕರೆದೊಯ್ದಳು. ಮಗುವಿಗೆ ಏನು ಉಡುಗೊರೆ ಬೇಕೆಂದು ಕೇಳಬೇಕಾದ ತಾತ, ಆ ಮಗುವಿನ ಹಸ್ತಾಕ್ಷರವನ್ನೇ ಕೇಳಿಬಿಟ್ಟ! ಸಾಂತಾಕ್ಲಾಸ್ ಮೇಲಿನ ನಂಬಿಕೆ ತನಗೆ ಅಂದೇ ಹೋಯಿತೆಂದು ಆ ಹುಡುಗಿ ಮುಂದೆ ತಮಾಷೆ ಮಾಡುತ್ತಿದ್ದುದುಂಟು.

ಹುಡುಗಿಯ ಹೆಸರು ಶರ್ಲಿ ಟೆಂಪಲ್. ಹುಟ್ಟಿದ್ದು 1928ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1935ರಿಂದ 1938ರವರೆಗೆ, ಸತತ ನಾಲ್ಕು ವರ್ಷ, ಅಮೆರಿಕದ ಚಿತ್ರಮಂದಿರಗಳಿಗೆ ಅತಿ ಹೆಚ್ಚು ಜನರನ್ನು ಎಳೆದು ತಂದ ತಾರೆ ಎನಿಸಿದ್ದವಳು ಈ ಪುಟ್ಟ ಬಾಲೆ. ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡು ಕುಳಿತಿದ್ದ ಜನ, ಇವಳ ಹಾಡು ಕುಣಿತ ನೋಡಿ ಒಂದೆರಡು ಗಂಟೆ ಚಿಂತೆ ಮರೆಯುತ್ತಿದ್ದರು. ತಾಯಿ ಆಕೆಯ ಕೂದಲನ್ನು ಲೆಕ್ಕ ಹಾಕಿ 56 ಸುರುಳಿ ಸುತ್ತುತ್ತಿದ್ದಳಂತೆ. ವಯಸ್ಸಿನಲ್ಲೂ ಒಂದು ವರ್ಷ ಕಡಿಮೆ ತೋರಿಸಲಾಗಿತ್ತು. ಹನ್ನೆರಡು ತುಂಬಿತೆಂದು ಹುಟ್ಟುಹಬ್ಬ ಆಚರಿಸಿಕೊಳ್ಳುವಾಗಲೇ ತನಗೆ ಹದಿಮೂರು ಎಂಬುದು ಹುಡುಗಿಗೆ ಗೊತ್ತಾದದ್ದು!

ಮಗು ಬೆಳೆಯಿತು, ಚಿತ್ರಗಳು ಸೋಲತೊಡಗಿದವು. 1940ರಲ್ಲಿ ತಂದೆ ತಾಯಿ ಸ್ಟುಡಿಯೋದ ಒಪ್ಪಂದ ಕೊನೆಗೊಳಿಸಿ ಆಕೆಯನ್ನು ಶಾಲೆಗೆ ಸೇರಿಸಿದರು. ಅಲ್ಲಿಯವರೆಗೆ ಪಾಠವೆಲ್ಲ ಚಿತ್ರೀಕರಣದ ನಡುವೆ, ಮನೆಮೇಷ್ಟರ ಬಳಿ ನಡೆಯುತ್ತಿತ್ತು. ಮುಂದೆಯೂ ಕೆಲವು ಚಿತ್ರಗಳಲ್ಲಿ ನಟಿಸಿದಳಾದರೂ ಹಳೆಯ ಮೋಡಿ ಮರಳಲಿಲ್ಲ. ಹದಿನೇಳಕ್ಕೆ ಮದುವೆ, ಕೆಲವೇ ವರ್ಷಗಳಲ್ಲಿ ವಿಚ್ಛೇದನ, ಕೈಯಲ್ಲೊಂದು ಹೆಣ್ಣುಮಗು. 1950ರಲ್ಲಿ ನೌಕಾಪಡೆಯಲ್ಲಿದ್ದ ಚಾರ್ಲ್ಸ್ ಬ್ಲ್ಯಾಕ್ ಅವರನ್ನು ವಿವಾಹವಾದಾಗ ಶರ್ಲಿಗೆ 22 ವರ್ಷ. ಅದೇ ವರ್ಷ ಸಿನಿಮಾಕ್ಕೆ ಶರಣು ಹೊಡೆದರು.

ಆ ಹೊತ್ತಿಗೆ ಇನ್ನೊಂದು ಸತ್ಯವೂ ಹೊರಬಿದ್ದಿತು. ಬಾಲ್ಯವಿಡೀ ದುಡಿದು ಗಳಿಸಿದ್ದು ಸುಮಾರು 32 ಲಕ್ಷ ಡಾಲರ್. ಉಳಿದಿದ್ದುದು 44 ಸಾವಿರ! ಹಣದ ಉಸ್ತುವಾರಿ ತಂದೆಯದಾಗಿತ್ತು. ಒಂದು ಕಾಲಕ್ಕೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಮನುಷ್ಯ ಆತ! ಸೋಜಿಗವೆಂದರೆ, 1988ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಇದನ್ನೆಲ್ಲ ಬಿಚ್ಚಿಟ್ಟ ಶರ್ಲಿ ತಂದೆಯ ಮೇಲೆ ಹಗೆ ಸಾಧಿಸಲಿಲ್ಲ. ಚಾಪ್ಲಿನ್ ಜೊತೆ ನಟಿಸಿದ್ದ ಬಾಲಕ ಜಾಕಿ ಕೂಗನ್‌ಗೂ ಹೀಗೆಯೇ ಆಗಿತ್ತು. ಆತ 1938ರಲ್ಲಿ ಹೆತ್ತ ತಾಯಿಯ ವಿರುದ್ಧವೇ ನ್ಯಾಯಾಲಯಕ್ಕೆ ಹೋದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲಕಲಾವಿದರ ಗಳಿಕೆಯ ರಕ್ಷಣೆಗೆ ಕಾನೂನೇ ಬಂತು. ಟಿ.ವಿ. ವೇದಿಕೆಗಳ ಮೇಲೆ ಮಕ್ಕಳನ್ನು ಹಾಡಿಸಿ ಕುಣಿಸುವ ತಂದೆ ತಾಯಂದಿರು ಈ ಲೆಕ್ಕವನ್ನು ಒಮ್ಮೆ ಓದಿಕೊಂಡರೆ ತಪ್ಪಿಲ್ಲ.

1967ರಲ್ಲಿ ಶರ್ಲಿ ಅಮೆರಿಕದ ಕಾಂಗ್ರೆಸ್‌ಗೆ ಸ್ಪರ್ಧಿಸಿದರು, ಸೋತರು. ನಾಲ್ಕು ಮಕ್ಕಳ ತಾಯಿಯಲ್ಲಿ, ಅಲ್ಲ, ಮೂರು ಮಕ್ಕಳ ತಾಯಿಯಲ್ಲಿಯೂ ಜನ ಹುಡುಕುತ್ತಿದ್ದುದು ಆ ಗುಂಗುರು ಕೂದಲ ಮಗುವನ್ನೇ. ಆದರೂ 1969ರಲ್ಲಿ ಅಧ್ಯಕ್ಷ ನಿಕ್ಸನ್ ಅವರನ್ನು ವಿಶ್ವಸಂಸ್ಥೆಯ ಮಹಾಸಭೆಗೆ ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬರನ್ನಾಗಿ ಕಳುಹಿಸಿದರು.

1972ರಲ್ಲಿ ಸ್ತನದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆ ದಿನಗಳ ವಾಡಿಕೆಯೆಂದರೆ, ಅರಿವಳಿಕೆ ಕೊಟ್ಟು ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವುದು. ಕ್ಯಾನ್ಸರ್ ಎಂದು ಕಂಡರೆ ಆಗಲೇ ಸ್ತನವನ್ನೂ ತೆಗೆದುಬಿಡುವುದು. ಎಚ್ಚರವಾದ ಮೇಲಷ್ಟೇ ಹೆಂಗಸಿಗೆ ಸಂಗತಿ ತಿಳಿಯುತ್ತಿತ್ತು. ಶರ್ಲಿ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆಯಾಗಲಿ, ಮುಂದಿನ ತೀರ್ಮಾನ ತನ್ನದು ಎಂದು ಪಟ್ಟು ಹಿಡಿದರು. ಕ್ಯಾನ್ಸರ್ ಎಂಬುದು ಖಚಿತವಾಗಿ, ಶಸ್ತ್ರಚಿಕಿತ್ಸೆಯಾದ ಬಳಿಕ ಆಸ್ಪತ್ರೆಯಿಂದಲೇ ಪತ್ರಕರ್ತರೊಂದಿಗೆ ಮಾತನಾಡಿದರು. ಗಡ್ಡೆ ಕಂಡರೆ ಹೆದರಿ ಮನೆಯಲ್ಲಿ ಕೂರಬೇಡಿ ಎಂದು ಹೆಂಗಸರಿಗೆ ಹೇಳಿದರು. ಈ ಕಾಯಿಲೆಯ ಹೆಸರನ್ನು ಪಿಸುಮಾತಿನಲ್ಲಷ್ಟೇ ಹೇಳುತ್ತಿದ್ದ ಕಾಲವದು. ಅವರಿಗೆ ಸಾವಿರಾರು ಪತ್ರಗಳು ಬಂದವು. ಅವರು ನಟಿಸಿದ ಎಲ್ಲ ಚಿತ್ರಗಳನ್ನು ಒಂದು ತಕ್ಕಡಿಯಲ್ಲಿಟ್ಟರೂ ಈ ಒಂದು ಕೆಲಸವೇ ಹೆಚ್ಚು ತೂಗೀತು.

1974ರಲ್ಲಿ ಆಫ್ರಿಕದ ಘಾನಾಕ್ಕೆ ರಾಯಭಾರಿಯಾಗಿ ನೇಮಕವಾದಾಗ ಮೂಗು ಮುರಿದವರಿದ್ದರು. ಎರಡು ವರ್ಷ ಅಲ್ಲಿ ದುಡಿದು ಬಂದ ಮೇಲೆ ಅಮೆರಿಕ ಸರ್ಕಾರದ ಶಿಷ್ಟಾಚಾರ ವಿಭಾಗದ ಮುಖ್ಯಸ್ಥೆಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು.

ಇನ್ನು ಪ್ರಾಗ್ ನಗರದ ಕತೆ. ಶರ್ಲಿಯ ಅಣ್ಣನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿತ್ತು. ಆ ರೋಗಿಗಳ ಸಂಘಟನೆಯ ಕೆಲಸಕ್ಕಾಗಿ 1968ರ ಆಗಸ್ಟ್‌ನಲ್ಲಿ ಅವರು ಜೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ಹೋಗಿದ್ದರು. ಸುಧಾರಣೆಗೆ ಹೊರಟಿದ್ದ ನಾಯಕ ದುಬ್ಚೆಕ್ ಅವರನ್ನು ಭೇಟಿಯಾಗಬೇಕಿತ್ತು. ಬೆಳಗಾಗುವಷ್ಟರಲ್ಲಿ ಸೋವಿಯತ್ ಟ್ಯಾಂಕುಗಳು ಬೀದಿಗಿಳಿದಿದ್ದವು. ಭೇಟಿ ತಪ್ಪಿತು; ಶರ್ಲಿ ಇತರ ವಿದೇಶಿಯರೊಂದಿಗೆ ವಾಹನಗಳ ಸಾಲಿನಲ್ಲಿ ದೇಶದಿಂದ ಹೊರಬಿದ್ದರು.

ಸರಿಯಾಗಿ ಇಪ್ಪತ್ತೊಂದು ವರ್ಷಗಳ ನಂತರ, 1989ರ ಆಗಸ್ಟ್‌ನಲ್ಲಿ, ಅದೇ ಪ್ರಾಗ್‌ಗೆ ಅವರು ಅಮೆರಿಕದ ರಾಯಭಾರಿಯಾಗಿ ಹೋದರು. ಮೂರು ತಿಂಗಳು ಕಳೆಯುವುದರೊಳಗೆ ವಿದ್ಯಾರ್ಥಿಗಳು ಬೀದಿಗಿಳಿದರು. ನವೆಂಬರ್ ಮುಗಿಯುವಷ್ಟರಲ್ಲಿ ಕಮ್ಯುನಿಸ್ಟ್ ಪಕ್ಷದ ಏಕಸ್ವಾಮ್ಯ ಕುಸಿಯಿತು. ಡಿಸೆಂಬರ್ ಕೊನೆಗೆ, ಅದೇ ವರ್ಷ ಸೆರೆಮನೆಯಲ್ಲಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ರಾಷ್ಟ್ರಾಧ್ಯಕ್ಷರಾದರು. 1968ರಲ್ಲಿ ಮೂಲೆಗೆ ತಳ್ಳಲ್ಪಟ್ಟ ದುಬ್ಚೆಕ್ ಸಂಸತ್ತಿನ ಅಧ್ಯಕ್ಷರಾಗಿ ಮರಳಿದರು. ಇದನ್ನೆಲ್ಲ ಶರ್ಲಿ ಹತ್ತಿರದಿಂದಲೇ ಕಂಡರು. 1992ರವರೆಗೆ ಅಲ್ಲಿದ್ದರು. 2014ರ ಫೆಬ್ರುವರಿ 10ರಂದು, 85ನೇ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ ತೀರಿಕೊಂಡರು.

ಅಂದ ಹಾಗೆ, ಪ್ರಾಗ್‌ನಲ್ಲಿ ಅವರನ್ನು ಕಾಣಲು ಬರುತ್ತಿದ್ದ ಹಿರಿಯರಲ್ಲಿ ಕೆಲವರು ಒಂದು ಹಳೆಯ ಚೀಟಿಯನ್ನು ಜೋಪಾನವಾಗಿ ತೆಗೆದು ತೋರಿಸುತ್ತಿದ್ದರಂತೆ. 1930ರ ದಶಕದ ಶರ್ಲಿ ಟೆಂಪಲ್ ಅಭಿಮಾನಿ ಸಂಘದ ಸದಸ್ಯತ್ವ ಚೀಟಿ ಅದು.