ಬಸುರಿಯ ಚಳಿಜ್ವರ

ಬಸುರಿಗೆ ಜ್ವರ ಬಂದಾಗ ಮನೆಯಲ್ಲಿ ಎರಡು ಬಗೆಯ ಭಯ ಹುಟ್ಟುತ್ತದೆ. ಒಂದು ಜ್ವರದ ಭಯ, ಇನ್ನೊಂದು ಮದ್ದಿನ ಭಯ. ಬಹಳ ಮನೆಗಳಲ್ಲಿ ಎರಡನೆಯದೇ ದೊಡ್ಡದು. “ಈಗ ಗುಳಿಗೆಗಿಳಿಗೆ ಏನೂ ಬೇಡಮ್ಮ, ಉಷ್ಣವಾದೀತು. ಕಷಾಯ ಕುಡಿದು ಎರಡು ದಿನ ಮಲಗು” ಎಂದು ಅತ್ತೆ ಅಕ್ಕರೆಯಿಂದಲೇ ಹೇಳುತ್ತಾರೆ, “ಆಗಲಿ ಅತ್ತೆ” ಎಂದು ಸೊಸೆ ಮುಸುಕೆಳೆಯುತ್ತಾಳೆ. ಅದು ಬರಿಯ ನೆಗಡಿಯ ಜ್ವರವಾದರೆ ಚಿಂತೆಯಿಲ್ಲ. ಮಲೇರಿಯಾ ಆಗಿದ್ದರೆ, ಆ ಎರಡು ದಿನಗಳ ವಿಳಂಬಕ್ಕೆ ಎರಡು ಜೀವಗಳು ಬೆಲೆ ತೆರಬೇಕಾದೀತು.

ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುವುದೆಂಬುದಕ್ಕೆ ಮೊದಲ ಗಟ್ಟಿ ಸಾಕ್ಷ್ಯ ದೊರೆತದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಅದನ್ನು ಕಂಡವರು ರೊನಾಲ್ಡ್ ರಾಸ್. ಭಾರತದಲ್ಲಿ ಈ ರೋಗಾಣುವಿನ ಎರಡು ಜಾತಿಗಳು ಮುಖ್ಯ: ವೈವಾಕ್ಸ್ ಮತ್ತು ಫಾಲ್ಸಿಪಾರಮ್. ಎರಡನೆಯದು ಹೆಚ್ಚು ಘಾತುಕ. ಅದು ಹೊಕ್ಕ ಕೆಂಪುಕಣಗಳು ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುತ್ತವೆ. ಬಸುರಿಯ ಮೈಯಲ್ಲಿ ಅವುಗಳಿಗೆ ಹೊಸದೊಂದು ಅಡಗುತಾಣ ದೊರೆಯುತ್ತದೆ, ಅದೇ ಮಾಸು. ತಾಯಿಯ ರಕ್ತದಿಂದ ಮಗುವಿಗೆ ಉಸಿರನ್ನೂ ಆಹಾರವನ್ನೂ ದಾಟಿಸುವ ಅಂಗದಲ್ಲಿಯೇ ವೈರಿ ಬೀಡುಬಿಟ್ಟರೆ ಮಗು ಸೊರಗುತ್ತದೆ. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಹೊಟ್ಟೆಯಲ್ಲಿಯೇ ಮಗುವಿನ ಸಾವು—ಇವೆಲ್ಲ ಸಂಭವಿಸಬಹುದು. ತಾಯಿಗಾದರೋ ತೀವ್ರ ರಕ್ತಹೀನತೆ. ಕೆಲವೊಮ್ಮೆ ರಕ್ತದ ಸಕ್ಕರೆ ಕುಸಿದು ಎಚ್ಚರ ತಪ್ಪುವುದೂ ಉಂಟು.

ಮಲೇರಿಯಾ ಸದಾ ನೆಲೆಸಿರುವ ಆಫ್ರಿಕದ ಸೀಮೆಗಳಲ್ಲಿ ಚೊಚ್ಚಲ ಬಸುರಿಗೆ ಅಪಾಯ ಹೆಚ್ಚು. ಮುಂದಿನ ಬಸಿರುಗಳಲ್ಲಿ ಮೈ ತಕ್ಕಮಟ್ಟಿಗೆ ಎದುರಿಸಲು ಕಲಿತಿರುತ್ತದೆ. ರೋಗ ಅಪರೂಪವಾಗಿರುವ ಕಡೆ ಅಂಥ ಕಲಿಕೆಯೇ ಇರುವುದಿಲ್ಲ. ಆದುದರಿಂದ ಕನ್ನಡನಾಡಿನಲ್ಲಿ ಮೊದಲ ಬಸಿರಾಗಲಿ ಮೂರನೆಯದಾಗಲಿ, ಎಚ್ಚರಿಕೆ ಒಂದೇ ಸಮನಾಗಿರಬೇಕು.

ಜ್ವರದ ಲಕ್ಷಣ ನೋಡಿ ಮಲೇರಿಯಾ ಹೌದು, ಅಲ್ಲ ಎಂದು ಊಹಿಸುವುದು ಸಲ್ಲದು. ನಡುಕ, ಬಿಸಿ, ಬೆವರು ಎಂಬ ಕ್ರಮ ಪುಸ್ತಕದಲ್ಲಿರುವಂತೆ ಎಲ್ಲರಲ್ಲಿಯೂ ಕಾಣುವುದಿಲ್ಲ. ಜ್ವರ ಬಂದ ದಿನವೇ ರಕ್ತಪರೀಕ್ಷೆಯಾಗಬೇಕು. ಬೆರಳ ತುದಿಯ ಹನಿರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ, ನಂಬಲರ್ಹವಾದ ವಿಧಾನ. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಫಲ ತಿಳಿಸುವ ಪರೀಕ್ಷಾಪಟ್ಟಿಗಳೂ ಈಗ ಉಂಟು. ಆದರೆ ಒಂದು ಮಾತನ್ನು ಮರೆಯಬಾರದು. ಮಾಸಿನಲ್ಲಿ ತುಂಬಿರುವ ರೋಗಾಣು ಬೆರಳಿನ ರಕ್ತದಲ್ಲಿ ಕಾಣಿಸದೆ ಹೋಗಬಹುದು. ಒಮ್ಮೆ ‘ಇಲ್ಲ’ ಎಂದು ಬಂದರೂ ಜ್ವರ ಬಿಡದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಈಚೆಗೆ ಯಾವ ಊರಿಗೆ ಹೋಗಿದ್ದರೆಂಬುದನ್ನೂ ಎಷ್ಟು ತಿಂಗಳಾಗಿದೆಯೆಂಬುದನ್ನೂ ವೈದ್ಯರಿಗೆ ತಿಳಿಸಬೇಕು.

ಇನ್ನು ಮದ್ದಿನ ಮಾತು. ವೈವಾಕ್ಸ್ ಜ್ವರಕ್ಕೆ ಭಾರತದಲ್ಲಿ ಮೂರು ದಿನಗಳ ಕ್ಲೋರೊಕ್ವಿನ್ ರೂಢಿಯಲ್ಲಿದೆ. ಬಸಿರಿನ ಯಾವ ತಿಂಗಳಿನಲ್ಲಿಯೂ ಅದನ್ನು ಕೊಡಬಹುದು. ಫಾಲ್ಸಿಪಾರಮ್‌ಗೆ ಚೀನದ ಟು ಯುಯು ಅವರ ತಂಡ 1970ರ ದಶಕದಲ್ಲಿ ಒಂದು ಗಿಡದಿಂದ ಬೇರ್ಪಡಿಸಿದ ಆರ್ಟಿಮಿಸಿನಿನ್ ಮೂಲದ ಜೋಡಿಮದ್ದುಗಳೇ ಶ್ರೇಷ್ಠ. ಮೊದಲ ಮೂರು ತಿಂಗಳಲ್ಲಿ ಇವನ್ನು ಕೊಡಲು ವೈದ್ಯರು ಬಹುಕಾಲ ಹಿಂಜರಿದು ಕ್ವಿನೈನನ್ನೇ ಆಶ್ರಯಿಸುತ್ತಿದ್ದರು. ಸಾಕಷ್ಟು ಅನುಭವ ಸಂಗ್ರಹವಾದ ಬಳಿಕ, 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರ್ಟಿಮೆಥರ್–ಲ್ಯೂಮೆಫ್ಯಾಂಟ್ರಿನ್ ಜೋಡಿಯನ್ನು ಆ ಮೂರು ತಿಂಗಳಿಗೂ ಶಿಫಾರಸು ಮಾಡಿತು. ಈ ಗುಳಿಗೆಗಳನ್ನು ಹಾಲಿನೊಡನೆಯೋ ಜಿಡ್ಡಿನ ಊಟದೊಡನೆಯೋ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತವೆ. ರೋಗ ಉಲ್ಬಣಿಸಿ ಎಚ್ಚರ ತಪ್ಪಿದರೆ, ಉಸಿರಾಟ ಕಷ್ಟವಾದರೆ, ಆರ್ಟಿಸುನೇಟ್ ಚುಚ್ಚುಮದ್ದಿಗಾಗಿ ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ಬಸುರಿಗೆ ಕೊಡಬಾರದ ಮದ್ದೂ ಒಂದುಂಟು: ಪ್ರೈಮಾಕ್ವಿನ್. ಅದು ಹೊಟ್ಟೆಯೊಳಗಿನ ಮಗುವಿನ ರಕ್ತಕಣಗಳನ್ನು ಒಡೆಯಬಹುದು. ಆದರೆ ಪಿತ್ತಜನಕಾಂಗದಲ್ಲಿ ಅಡಗಿ ಮಲಗುವ ವೈವಾಕ್ಸನ್ನು ಬೇರುಸಹಿತ ಕೀಳಲು ಅಂಥ ಮದ್ದೇ ಬೇಕು. ಆದಕಾರಣ ಹೆರಿಗೆಯಾದ ಮೇಲೆ, ತಕ್ಕ ರಕ್ತಪರೀಕ್ಷೆ ಮಾಡಿಸಿ, ಅದನ್ನು ಯಾವಾಗ ಕೊಡಬಹುದೆಂದು ವೈದ್ಯರನ್ನು ನೆನಪಿಟ್ಟು ಕೇಳಬೇಕು. ಬಾಣಂತನದ ಸಡಗರದಲ್ಲಿ ಈ ಮಾತು ಮರೆತುಹೋಗುವುದೇ ಹೆಚ್ಚು. ಮನೆಯಲ್ಲಿ ಹಳೆಯ ಗುಳಿಗೆ ಉಳಿದಿದೆಯೆಂದು ಕೊಡುವುದೂ, ಜ್ವರ ಇಳಿಯಿತೆಂದು ಅರ್ಧದಲ್ಲಿ ನಿಲ್ಲಿಸುವುದೂ ಸಮನಾದ ತಪ್ಪುಗಳು.

ಮಲೇರಿಯಾ ಮಲೆನಾಡಿನ ಕಾಡುಜ್ವರವೆಂದು ಪಟ್ಟಣಿಗರು ಉಪೇಕ್ಷಿಸುವಂತಿಲ್ಲ. 1990ರ ದಶಕದಿಂದ ಮಂಗಳೂರು ನಗರವನ್ನು ಅದು ಬಹುಕಾಲ ಕಾಡಿತು. ಈಚಿನ ವರ್ಷಗಳಲ್ಲಷ್ಟೇ ಬಹಳ ತಗ್ಗಿದೆ. ಪಟ್ಟಣದ ಅನಾಫಿಲಿಸ್ ಮೊಟ್ಟೆಯಿಡುವುದು ಮುಚ್ಚಳವಿಲ್ಲದ ನೀರಿನ ತೊಟ್ಟಿಗಳಲ್ಲಿ, ಬಾವಿಗಳಲ್ಲಿ, ಕಟ್ಟುತ್ತಿರುವ ಮನೆಗಳಲ್ಲಿ ನಿಂತ ನೀರಿನಲ್ಲಿ. ಸೀಮಂತಕ್ಕೆ ಸೀರೆ ಕೊಳ್ಳುವ ಮನೆಯವರು ಅದರ ಜೊತೆಗೊಂದು ಒಳ್ಳೆಯ ಸೊಳ್ಳೆಪರದೆಯನ್ನೂ ಕೊಂಡರೆ ಆ ಉಡುಗೊರೆ ಇಬ್ಬರನ್ನು ಕಾಯುತ್ತದೆ.