ತಡಮೆ ಬಿಚ್ಚುವ ಮೊದಲು

ಕಳೆದ ಆಗಸ್ಟಿನ ಕೊನೆಯ ವಾರ, ಆದಿತ್ಯವಾರದ ಪೂಜೆ ಮುಗಿಸಿ ನಾವು ಆರು ಮಂದಿ ಬೈಕು ತೆಗೆದುಕೊಂಡು ಊರಿನ ಹಿಂದಿನ ಪದವಿಗೆ ಹೋದೆವು. ಮಳೆ ಬಿಟ್ಟಿತ್ತು. ಮೊಬೈಲಿನ ಮ್ಯಾಪಿನಲ್ಲಿ ಗುಡ್ಡೆಯ ತುದಿಯವರೆಗೆ ಸಪೂರ ಗೆರೆಯೊಂದು ಕಾಣುತ್ತಿತ್ತು. ಗೆರೆ ಇದ್ದಲ್ಲಿ ದಾರಿ ಇದೆ, ದಾರಿ ಇದ್ದಲ್ಲಿ ಹೋಗಬಹುದು ಎಂದುಕೊಂಡೆವು. ಕಂಗಿನ ತೋಟದ ಬದಿಯಲ್ಲಿ ಒಂದು ತಡಮೆ ಅಡ್ಡ ಬಂತು. ಇಬ್ಬರು ಇಳಿದು, ಕಟ್ಟಿದ್ದ ಹಗ್ಗ ಬಿಚ್ಚಿ, ಬಿದಿರು ಸರಿಸಿ, ಆರೂ ಬೈಕುಗಳನ್ನು ದಾಟಿಸಿದರು. ಮೇಲೆ ಒಂದೂವರೆ ಗಂಟೆ ಸುತ್ತಿದೆವು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಹಿಂದೆ ಬರುವಾಗ ಒಬ್ಬರು ಅಜ್ಜ ಅದೇ ತಡಮೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಬಿದಿರು ಕಟ್ಟುತ್ತಿದ್ದರು. ಬೈಯಲಿಲ್ಲ. "ನಡ್ಕೊಂಡು ಹೋಗುದಾದ್ರೆ ಯಾರಿಗೂ ಬೇಡ ಅಂತ ಹೇಳ್ಲಿಲ್ಲ ಮಕ್ಳೇ. ಇದು ಬೈಕಿಗೆ ಕಟ್ಟಿದ್ದಲ್ಲ" ಎಂದರು. ನಮ್ಮಲ್ಲೊಬ್ಬ, "ಅದು ಸರಕಾರಿ ಗುಡ್ಡೆ ಅಲ್ವಾ ಅಜ್ಜ?" ಎಂದು ಕೇಳಿದ. "ಗುಡ್ಡೆ ಸರಕಾರದ್ದು. ಇಲ್ಲಿಗೆ ಬರುವ ದಾರಿ ನನ್ನ ವರ್ಗದ ಜಾಗ" ಎಂದು ಹೇಳಿ ಹಗ್ಗ ಬಿಗಿದರು.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಅದೇ ವಾರ ಮೊಂತಿ ಹಬ್ಬದ ನೊವೆನಾ ಶುರುವಾಯಿತು. ಒಂಬತ್ತು ದಿನ ಮಾತೆಗೆ ಅರ್ಪಿಸಲು ನಮ್ಮ ಮಕ್ಕಳು ಹೂ ಕೊಯ್ಯುವುದು ಅದೇ ಪದವಿನಿಂದ. ಮೂರನೇ ದಿನ ನಮ್ಮ ಗೆಳೆಯನೊಬ್ಬನ ತಂಗಿ ಬುಟ್ಟಿಯಲ್ಲಿ ಬರೀ ದಾಸವಾಳ ಹಿಡಿದುಕೊಂಡು ಬಂದಳು. "ಪದವಿನಲ್ಲಿ ಹೂ ಇಲ್ವಾ?" ಎಂದು ಕೇಳಿದರೆ, "ನೀವೇ ಉತ್ತಿದ್ದೀರಲ್ಲ" ಎಂದಳು. ಸಂಜೆ ಹೋಗಿ ನೋಡಿದೆವು. ನಮ್ಮ ಟಯರಿನ ಗೆರೆಗಳಲ್ಲಿ ಕೆಂಪು ನೀರು ನಿಂತಿತ್ತು.

ಪದವು ಬೋಳು ಜಾಗ, ಅಲ್ಲಿ ಹಾಳಾಗುವಂಥದ್ದು ಏನೂ ಇಲ್ಲ ಎಂದು ನಮ್ಮಲ್ಲಿ ಹೆಚ್ಚಿನವರ ಎಣಿಕೆ. ಬೇಸಗೆಯಲ್ಲಿ ನೋಡಿದವರಿಗೆ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಕೆಂಪುಕಲ್ಲಿನ ಮೇಲೆ ಮಣ್ಣು ಇರುವುದು ಎಷ್ಟೋ ಕಡೆ ಒಂದೆರಡು ಬೆರಳಿನಷ್ಟು ಮಾತ್ರ. ಮಳೆಗಾಲದಲ್ಲಿ ಆ ತೆಳು ಮಣ್ಣಿನಲ್ಲೇ ನೀಲಿ ಹೂ ಹಾಸಿಕೊಳ್ಳುತ್ತದೆ. ಮಲಯಾಳಿ ಗೆಳೆಯರು ಓಣಂ ಪೂಕಳಕ್ಕೆ ಹುಡುಕುವ ಕಾಕ್ಕಪೂವು ಅದೇ. ಸಾರವಿಲ್ಲದ ಮಣ್ಣಿನಲ್ಲಿ ಬದುಕಬೇಕಾದ್ದರಿಂದ ಅದು ಪುಟ್ಟ ಚೀಲಗಳಲ್ಲಿ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಟಿಟ್ಟಿಭ ಹಕ್ಕಿ ಮಾರ್ಚಿನಿಂದ ಆಗಸ್ಟಿನವರೆಗೆ ಬರಿನೆಲದಲ್ಲೇ ಮೊಟ್ಟೆ ಇಡುತ್ತದೆ. ಕಲ್ಲಿನ ಬಣ್ಣದ ಮೊಟ್ಟೆ, ಬೈಕಿನ ಮೇಲಿಂದ ಕಾಣುವ ಮಾತೇ ಇಲ್ಲ. ಕಾಸರಗೋಡು ಜಿಲ್ಲೆಯ ಹೂವೆಂದು ಜಿಲ್ಲಾ ಪಂಚಾಯತು ಆರಿಸಿದ ಬಿಳಿ ಲಿಲ್ಲಿ ಜಾತಿಯ 'ಪೆರಿಯ ಪೊಳತ್ತಾಳಿ' ಬೆಳೆಯುವುದು ಮಳೆಗಾಲದಲ್ಲಿ ಮಾತ್ರ ಹರಿಯುವ ಇಂಥ ತೋಡುಗಳಲ್ಲಿ. ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ಗುರುತಿಸಿದ್ದು 2012ರಲ್ಲಷ್ಟೆ. ಪದವಿನ ಮೇಲೆ ಇಂಗಿದ ನೀರೇ ಕೆಳಗಿನ ಸುರಂಗಗಳಲ್ಲಿ ಬೇಸಗೆಯಲ್ಲಿ ಹನಿಯುವುದು. ಇದು ನಮ್ಮ ಅಜ್ಜ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹಾಗಾದರೆ ಬೈಕು ಬಿಟ್ಟುಬಿಡಬೇಕೇ? ಹಾಗೆ ಹೇಳುವ ಹಿರಿಯರು ನಮ್ಮ ಚರ್ಚಿನಲ್ಲಿ ಇದ್ದಾರೆ. ನಮಗೆ ಒಪ್ಪಿಗೆಯಿಲ್ಲ. ಎಕ್ಸ್‌ಪಲ್ಸ್, ಹಿಮಾಲಯನ್‌ನಂಥ ಬೈಕು ಕೊಂಡವನಿಗೆ ಮಣ್ಣಿನ ದಾರಿಯಲ್ಲಿ ಓಡಿಸುವ ಆಸೆ ಇರುವುದು ಪಾಪವಲ್ಲ. ಹೋಗಲು ಸರಿಯಾದ ಜಾಗ ತೋರಿಸದೆ ಬರೀ "ಬೇಡ" ಎಂದರೆ ಹುಡುಗರು ಕದ್ದು ಹೋಗುತ್ತಾರೆ, ಅಷ್ಟೆ. ಜಾಗ ಹುಡುಕುವ ಕೆಲಸವನ್ನು ನಾವೇ ಮಾಡಬೇಕು ಎಂಬುದು ನಮ್ಮ ವಾದ.

ಧರ್ಮೋಪದೇಶಕಾಂಡದ 23ನೇ ಅಧ್ಯಾಯದ ಕೊನೆಯಲ್ಲಿ ಒಂದು ಸಣ್ಣ ಕಾನೂನು ಇದೆ. ನೆರೆಯವನ ಪೈರಿನ ನಡುವೆ ಹೋಗುವಾಗ ಕೈಯಿಂದ ತೆನೆ ಕಿತ್ತು ತಿನ್ನಬಹುದು, ಕುಡುಗೋಲು ಹಾಕುವಂತಿಲ್ಲ. ಯೇಸುವಿನ ಶಿಷ್ಯರು ಸಬ್ಬತ್ ದಿನ ತೆನೆ ಕಿತ್ತಾಗ ಫರಿಸಾಯರು ಸಬ್ಬತ್ತಿನ ಮಾತೆತ್ತಿದರೇ ಹೊರತು ಕಳ್ಳತನ ಎನ್ನಲಿಲ್ಲ, ಗಮನಿಸಿ. ನಡೆದು ಹೋಗುವವನಿಗೆ ಅಷ್ಟು ಸಲಿಗೆ ಇತ್ತು. ನಮ್ಮೂರಿನ ತಡಮೆಯೂ ಇದೇ ಲೆಕ್ಕದ್ದು. ಮನುಷ್ಯ ಕಾಲೆತ್ತಿ ದಾಟಬಹುದು, ದನ ನುಗ್ಗಬಾರದು. ಶಾಲೆಗೆ, ಚರ್ಚಿಗೆ, ಬೀಡಿ ಬ್ರಾಂಚಿಗೆ ಹೋಗುವವರಿಗೆ ತೋಟದ ಯಜಮಾನರು ಬಿಟ್ಟುಕೊಟ್ಟ ದಾರಿ ಅದು. 200 ಸಿಸಿ ಎಂಜಿನಿಗೆ ಆ ಸಲಿಗೆಯನ್ನು ನಾವೇ ವಿಸ್ತರಿಸಿಕೊಂಡದ್ದು ತಪ್ಪು.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ 'ಸಾರ್ವಜನಿಕ ಸ್ಥಳ' ಎಂದರೆ ಡಾಮರು ರಸ್ತೆ ಮಾತ್ರವಲ್ಲ. ಜನರಿಗೆ ಪ್ರವೇಶದ ಹಕ್ಕಿರುವ ಯಾವ ಜಾಗವೂ ಹೌದು. ಅಂದರೆ ಮಣ್ಣಿನ ರಸ್ತೆಯಲ್ಲೂ ರಿಜಿಸ್ಟ್ರೇಷನ್, ಲೈಸೆನ್ಸ್, ವಿಮೆ, ಹೆಲ್ಮೆಟ್ ಎಲ್ಲ ಬೇಕು. ಅಲ್ಲಿ ರೇಸ್ ಇಟ್ಟರೂ ಶಿಕ್ಷೆ ಇದೆ. ನಂಬರ್ ಇಲ್ಲದ ಡರ್ಟ್ ಬೈಕನ್ನು ಪಿಕಪ್‌ನಲ್ಲಿ ಹೇರಿಕೊಂಡು ಖಾಸಗಿ ಜಾಗಕ್ಕೇ ಒಯ್ಯಬೇಕು. ಸೈಲೆನ್ಸರ್ ಬದಲಾಯಿಸಿದವರು (ನಮ್ಮಲ್ಲಿ ಇಬ್ಬರು) ಹಳೆಯದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಕಂಪೆನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪು ನಮ್ಮ ಕೇರಳದಿಂದಲೇ ಹೋದ ಪ್ರಕರಣದಲ್ಲಿ ಬಂದದ್ದು. ಇನ್ನು ಹೆತ್ತವರಿಗೆ ಒಂದು ಮಾತು: ಹದಿನೆಂಟು ತುಂಬದ ಮಗನ ಕೈಗೆ ಗೇರ್ ಬೈಕಿನ ಕೀ ಕೊಟ್ಟು ಅವನು ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ನಿಮಗೇ. ಅವನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ಇಲ್ಲೇ ಗುಡ್ಡೆಗೆ ತಾನೇ" ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಕಾಡಿನ ಮಾತು ಬೇರೆ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಬೈಕು ಹೊಗಿಸುವುದು ಅಪರಾಧ, ಅದಕ್ಕೆ ಎರಡು ಮಾತಿಲ್ಲ. ರಾಣಿಪುರವನ್ನೇ ತೆಗೆದುಕೊಳ್ಳಿ. ಮೊದಲು ಮಾಡತ್ತುಮಲೆ ಎನ್ನುತ್ತಿದ್ದ ಬೆಟ್ಟಕ್ಕೆ ರಾಣಿ ಮರಿಯಮ್ಮನ ನೆನಪಿನಲ್ಲಿ ಆ ಹೆಸರು ಬಂತು. ಅಲ್ಲಿಗೆ ಹೋಗುವ ಘಾಟಿ ರಸ್ತೆಯೇ ಬೈಕಿನವರಿಗೆ ಹಬ್ಬ. ಗೇಟಿನ ಹತ್ತಿರ ಬೈಕು ನಿಲ್ಲಿಸಿ, ಟಿಕೆಟು ತೆಗೆದುಕೊಂಡು, ಹುಲ್ಲಿನ ತುದಿಗೆ ನಡೆದೇ ಹತ್ತಿ. ಆಚೆಗೆ ಕೊಡಗಿನ ತಲಕಾವೇರಿ ವನ್ಯಧಾಮದ ಕಾಡು ಶುರುವಾಗುತ್ತದೆ. ಆನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ, ನಮಗೆ ಗೊತ್ತಿರಬೇಕು.

ಉಳಿದದ್ದು ಎರಡು. ಒಂದು, ಪಂಚಾಯತಿನ ಮಣ್ಣಿನ ರಸ್ತೆಗಳು. ವರ್ಷವರ್ಷ ಕಾಂಕ್ರೀಟು ಬೀಳುತ್ತಾ ಇವು ಕಡಿಮೆಯಾಗುತ್ತಿವೆ, ಆದರೂ ಇವೆ. ಯಾವುದು ಪಂಚಾಯತಿನದ್ದು ಎಂದು ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಕೇಳಬಹುದು. ಜಾಗದ ಸರ್ವೇ ನಂಬರ್ ಹಿಡಿದುಕೊಂಡು ವಿಲ್ಲೇಜ್ ಆಫೀಸಿಗೆ ಹೋದರೆ ಅದು ವರ್ಗವೋ, ಪೊರಂಬೋಕೋ, ಅರಣ್ಯವೋ ತಿಳಿಯುತ್ತದೆ. ನಾವು ಮಾಡಬೇಕಿದ್ದ ಮೊದಲ ಕೆಲಸ ಇದು, ಮಾಡಿದ್ದು ಕೊನೆಗೆ. ಮ್ಯಾಪಿನ ಗೆರೆ ದಾರಿ ಇದೆ ಎಂದಷ್ಟೇ ಹೇಳುತ್ತದೆ, ಯಾರದ್ದೆಂದು ಹೇಳುವುದಿಲ್ಲ.

ಎರಡನೆಯದು ಖಾಸಗಿ ಗುಡ್ಡೆ. ನಮ್ಮ ಚರ್ಚಿನ ಎಷ್ಟು ಕುಟುಂಬಗಳಿಗೆ ಗೇರುಗುಡ್ಡೆ, ರಬ್ಬರು ತೋಟ ಇಲ್ಲ? ಕೇಳಿದವರು ಯಾರು? ಕೆಲಸ ನಿಂತ ಕೆಂಪುಕಲ್ಲಿನ ಕೋರೆಗಳ ಮೇಲೆ ಕೆಲವರಿಗೆ ಕಣ್ಣಿದೆ. ಅದು ನಮಗೆ ಇಷ್ಟವಿಲ್ಲ. ಗೋಡೆಯಂತೆ ನೇರ ಕಡಿದ ಹೊಂಡ, ಅಂಚಿಗೆ ಬೇಲಿ ಇಲ್ಲ, ಮಳೆಗಾಲದಲ್ಲಿ ನೀರು ತುಂಬಿ ಆಳವೇ ತಿಳಿಯುವುದಿಲ್ಲ. ಖಾಸಗಿ ಜಾಗದಲ್ಲಿ ಬಿದ್ದು ಪೆಟ್ಟಾದರೆ ವಿಮೆಯನ್ನು ನೆಚ್ಚಿಕೊಂಡು ಕೂರುವ ಹಾಗೂ ಇಲ್ಲ. ಕಾಯಿದೆ ವಿಮೆ ಕಡ್ಡಾಯ ಮಾಡಿರುವುದು ಸಾರ್ವಜನಿಕ ಸ್ಥಳಕ್ಕೆ, ರೇಸಿಗಂತೂ ಸಾಮಾನ್ಯ ಪಾಲಿಸಿ ಬರುವುದೇ ಇಲ್ಲ. ಆದ್ದರಿಂದ ಒಪ್ಪಿಗೆ ಬಾಯಿಮಾತಿನಲ್ಲಿ ಸಾಲದು. ತಾರೀಕು, ಗಂಟೆ, ಬೈಕುಗಳ ಸಂಖ್ಯೆ, ಪೆಟ್ಟಾದರೆ ಹೊಣೆ ಯಾರದ್ದು, ಎಲ್ಲ ಕಾಗದದಲ್ಲಿ ಇರಲಿ.

ಹಬ್ಬ ಕಳೆದ ಮೇಲೆ ನಾವು ಆರು ಮಂದಿ ಹೋಗಿ ಅಜ್ಜನ ತಡಮೆಗೆ ಹೊಸ ಬಿದಿರು ಹಾಕಿಕೊಟ್ಟೆವು. ಚಹಾ ಕೊಟ್ಟರು, ಬೈಕಿನ ಮಾತೆತ್ತಲಿಲ್ಲ. ಆಮೇಲೆ ನಮ್ಮ ವಾಳೆಯ ಗುರಿಕಾರರ ಮೂಲಕ ಗೇರುಗುಡ್ಡೆ ಇರುವ ಮೂರು ಮನೆಗಳಿಗೆ ಪತ್ರ ಕೊಟ್ಟೆವು. ಒಬ್ಬರು ಆಗುವುದಿಲ್ಲ ಎಂದರು. ಇನ್ನೊಬ್ಬರು ಮಗ ಗಲ್ಫಿನಿಂದ ಬಂದ ಮೇಲೆ ನೋಡುವ ಎಂದರು. ಮೂರನೆಯವರು ನಮ್ಮ ಪತ್ರದ ಹಿಂಬದಿಯಲ್ಲೇ ಬರೆದುಕೊಟ್ಟಿದ್ದಾರೆ: ಕೊನೆಯ ಗೇರುಬೀಜ ಹೆಕ್ಕಿ ಆದ ಮೇಲೆ, ಮೊದಲ ಮಳೆಗೆ ಮೊದಲು, ಮೇ ತಿಂಗಳ ಎರಡು ಆದಿತ್ಯವಾರ, ಪೂಜೆಯ ನಂತರ. ಬೈಕು ಆರು. ಸುರಂಗದ ಬಾಯಿಯ ಕಡೆಗೆ ಹೋಗಬಾರದು.